ಹರಿಗೋಲಿಂದ ಸಂಜೆ ಕೊರಮೀನು: ಹೊಡೆತ ಬೀಳುತ್ತೆ, ಗಾಳ ನಿಲ್ಲಲ್ಲ

ನರಸಾಪುರ_ಗಾಳ:
ಕೋಲಾರ ತಾಲ್ಲೂಕಿನ ಕೆರೆ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ಶುದ್ಧೀಕರಿಸಿ ಬಿಡೋದು) ಬಂದ ಮೇಲೆ ಬೇಸಿಗೆಯಲ್ಲೂ ಒಣಗಲ್ಲ. ಅಂಗಳದ ಕಡೆ, ಅಂದ್ರೆ ಏರಿಗೆ ಎದುರಿನ ಆಳ ಕಡಿಮೆ ಇರೋ ಭಾಗದಲ್ಲಿ, ಅಂತರಗಂಗೆ, ಜೊಂಡು ದಟ್ಟವಾಗಿ ಬೆಳೆದಿದೆ, ದಡದಿಂದ ಎಸೆದರೆ ಬಯಲು ನೀರಿಗೆ ತಲುಪಲ್ಲ. ಅದಕ್ಕೇ ಏಳಡಿ ಅಗಲದ ಫೈಬರ್ ಹರಿಗೋಲು, ಇಬ್ಬರು. ಏಳಡಿ ಮೀಡಿಯಂ ಹೆವಿ ರಾಡ್, 3000 ಸೈಜ್ ರೀಲ್, 30 ಪೌಂಡ್ ಬ್ರೇಡ್ (ಹೆಣೆದ ದಾರ), ಎರಡು ಮುಳ್ಳಿನ ಗಾಳ ಇರೋ ಟೊಳ್ಳು ರಬ್ಬರ್ ಕಪ್ಪೆ. ಸಂಜೆ ಐದೂವರೆ ಮೇಲೆ ಕಪ್ಪೆಗೆ ಕೊರಮೀನಿನ ಹೊಡೆತ ಚೆನ್ನಾಗಿ ಬೀಳುತ್ತೆ, ಆದರೆ ಜಗ್ಗಿದ ತಕ್ಷಣ ಕಪ್ಪೆ ಮಾತ್ರ ಹಾರಿ ಬರುತ್ತೆ. ಕಚ್ಚಿಕೊಂಡ ಮೀನೂ ಅಂತರಗಂಗೆ ಬುಡಕ್ಕೆ ನುಗ್ಗಿ ಬಿಡಿಸಿಕೊಳ್ಳುತ್ತೆ. ಹರಿಗೋಲು ಗಾಳಿಗೆ ಸುತ್ತುತ್ತಲೇ ಇರುತ್ತೆ. ಬದಲಾಯಿಸಬೇಕಾದ್ದು ದಾರವಾ, ಗಾಳವಾ, ಜಗ್ಗೋ ರೀತಿಯಾ? ಕೆರೆ ಗುತ್ತಿಗೆ ಹಿಡಿದವರ ಒಪ್ಪಿಗೆ ಇದೆ.

ತೂಬಿನಕಟ್ಟೆ (ಕುಣಿಗಲ್):
ದಾರದ ಮಾತು ಆಮೇಲೆ, ಮೊದಲು ಹರಿಗೋಲನ್ನ ನಿಲ್ಲಿಸಿ. ಅದರ ತಳ ದುಂಡಗೆ, ನೀರನ್ನ ಹಿಡಿದುಕೊಳ್ಳೋ ಏಣು ಎಲ್ಲೂ ಇಲ್ಲ. ನೀವು ರಾಡ್ ಎತ್ತಿ ಜಗ್ಗಿದಾಗ ಹರಿಗೋಲೇ ಮೀನಿನ ಕಡೆ ಜಾರುತ್ತೆ, ಬಲ ಅಲ್ಲೇ ಸೋರಿ ಹೋಗುತ್ತೆ. ಕೊರಮೀನಿನ ಬಾಯಿ ಒಳಗೆಲ್ಲ ಮೂಳೆ, ಉಳಿದ ಬಲಕ್ಕೆ ಗಾಳ ಇಳಿಯಲ್ಲ.

ಅಂಗಳದಲ್ಲಿ ಕಲ್ಲಿನ ಲಂಗರು ಆಗಿಬರಲ್ಲ. ಹೂಳಲ್ಲಿ ಹೂತು ಮೇಲೇಳಲ್ಲ, ಜೊತೆಗೆ ಒಂದೇ ಹಗ್ಗದ ಮೇಲೆ ಹರಿಗೋಲು ಗಿರಗಿರ ತಿರುಗುತ್ತೆ. ಐದಾರು ಅಡಿ ನೀರಿರೋ ಕಡೆಗೆ ಹನ್ನೆರಡು ಅಡಿಯ ಎರಡು ಬಿದಿರು ಗಳ ಒಯ್ಯಿರಿ. ಎದುರುಬದುರಾಗಿ ಅಂಚಿಗೆ ತಾಗಿಸಿ, ಹೂಳಿಗೆ ಎರಡಡಿ ಇಳಿಯೋ ತನಕ ಒತ್ತಿ, ಅಂಚಿನ ಹಗ್ಗಕ್ಕೆ ಜಾರುಗಂಟು ಹಾಕಿ. ಎಳೆದರೆ ಬಿಚ್ಚಿಕೊಳ್ಳೋ ಗಂಟೇ ಇರಬೇಕು, ಗಾಳಿ ಎದ್ದಾಗ ಕಗ್ಗಂಟು ಬಿಡಿಸುತ್ತಾ ಕೂರೋಕಾಗಲ್ಲ. ಒಬ್ಬರು ಗಳ ಒತ್ತುವಾಗ ಇನ್ನೊಬ್ಬರು ಎದುರು ಅಂಚಿಗೆ ಭಾರ ಕೊಟ್ಟು ಕೂತಿರಲಿ.

ನಿಲ್ಲಿಸೋ ಜಾಗ ಕಳೆಯಿಂದ ಮೂವತ್ತು ನಲವತ್ತು ಅಡಿ ದೂರ, ಅಂಚಿನ ಉದ್ದಕ್ಕೆ ಎಸೆಯೋ ಹಾಗೆ, ಗಾಳಿ ಬೆನ್ನಿಗೆ. ಕಳೆಗೆ ಎದುರಾಗಿ ನಿಂತು ಒಳಗೆಸೆದರೆ ಕಚ್ಚಿದ ಮೀನಿನ ಸುತ್ತ ಬರೀ ಬೇರು. ಉದ್ದಕ್ಕೆ ಎಸೆದರೆ ಪಕ್ಕದಲ್ಲೇ ಬಯಲು ನೀರು, ಮೊದಲ ಎಳೆತಕ್ಕೇ ಹೊರಗೆ ತರಬಹುದು. ನಿಮ್ಮ ಎರಡನೇ ತೊಂದರೆಗೆ ಇದೇ ಮದ್ದು.

ಫೈಬರಿಗೆ ಹುಟ್ಟು ತಗುಲಿದ ಸದ್ದು ನೀರೊಳಗೆ ದೂರ ಹೋಗುತ್ತೆ, ತಳಕ್ಕೆ ಗೋಣಿಚೀಲ ಹಾಸಿ. ನಿಂತ ಮೇಲೆ ಹತ್ತು ನಿಮಿಷ ಎಸೆಯದೆ ನೋಡ್ತಾ ಕೂತಿರಿ. ಕೊರಮೀನು ಗಾಳಿ ನುಂಗೋಕೆ ಮೇಲೆ ಬರಲೇಬೇಕು. ‘ಗುಳುಕ್’ ಅಂತ ಸಣ್ಣ ಸದ್ದು, ಒಂದು ಉಂಗುರ, ಹಿಂದೆಯೇ ಎರಡು ಮೂರು ಗುಳ್ಳೆ. ಆ ಉಂಗುರದ ನೆತ್ತಿಗೇ ಕಪ್ಪೆ ಬೀಳಿಸಿದರೆ ಮೀನು ಬೆದರುತ್ತೆ. ಐದಾರು ಅಡಿ ಆಚೆಗೆ ಎಲೆ ಮೇಲೆ ಬೀಳಿಸಿ, ನಿಧಾನಕ್ಕೆ ಎಳೆದು ತಂದು, ಕಳೆ ನಡುವಿನ ಕಂಡಿಗೆ ಇಳಿಸಿ ಸುಮ್ಮನೆ ಬಿಡಿ. ಅಲೆ ಪೂರ್ತಿ ಅಡಗಿದ ಮೇಲೆ ಒಂದೇ ಒಂದು ಅಲುಗಾಟ. ಹೊಡೆತ ಬೀಳೋದು ಬಹಳ ಸಲ ಅದಕ್ಕೇ.

ಕೋಡಿಹಳ್ಳ (ಬಂಗಾರಪೇಟೆ):
ಗಳದ ವಿಷಯಕ್ಕೆ ತೂಬಿನಕಟ್ಟೆ ಅಣ್ಣನ ಮಾತೇ ನನ್ನದೂ. ಆದರೆ ಕಪ್ಪೆ ಖಾಲಿ ಹಾರಿ ಬರೋದಕ್ಕೆ ಅವಸರವೂ ಕಾರಣ. ನೀರು ಸಿಡಿದಾಗ ಕೈ ತಾನಾಗೇ ಮೇಲೇಳುತ್ತೆ, ಅಷ್ಟೊತ್ತಿಗೆ ಕಪ್ಪೆ ಇನ್ನೂ ತುಟಿಯಲ್ಲೇ ಇರುತ್ತೆ. ಎರಡು ಎಣಿಸಿ ಜಗ್ಗಿ ಅಂತ ಎಲ್ಲರೂ ಹೇಳ್ತಾರೆ, ನನಗೆ ಆ ಲೆಕ್ಕ ಒಪ್ಪಿಗೆ ಇಲ್ಲ. ಬಯಲು ನೀರಲ್ಲಿ ಎರಡು ಎಣಿಸೋದರೊಳಗೆ ಉಗುಳಿಬಿಡುತ್ತೆ, ದಟ್ಟ ಎಲೆ ಕೆಳಗೆ ಎರಡು ಸಾಲಲ್ಲ. ರಾಡಿನ ತುದಿ ನೀರಿಗೆ ಇಳಿಸಿ, ಸಡಿಲ ದಾರ ಸುತ್ತಿಕೊಳ್ಳಿ. ದಾರ ಪಕ್ಕಕ್ಕೆ ಸರಿದು, ಕೈಗೆ ಭಾರ ಸಿಕ್ಕಿದ ಮೇಲೆ ಜಗ್ಗಿ. ಕೂತೇ ಜಗ್ಗಬೇಕು, ಮೊಣಕೈ ಪಕ್ಕೆಗೆ ಒತ್ತಿರಲಿ. ಹರಿಗೋಲಲ್ಲಿ ಎದ್ದು ನಿಲ್ಲೋ ಮಾತೇ ಬೇಡ.

ಕಪ್ಪೆಯನ್ನ ಎರಡು ಬೆರಳಲ್ಲಿ ಒತ್ತಿ ನೋಡಿ. ಎರಡೂ ಮುಳ್ಳಿನ ತುದಿ ಹೊರಗೆ ಬರಬೇಕು. ಬರದಿದ್ದರೆ ರಬ್ಬರ್ ಗಟ್ಟಿ ಅಂತ ಅರ್ಥ, ಒಂದು ನಿಮಿಷ ಬಿಸಿನೀರಲ್ಲಿಟ್ಟು ಹಿಸುಕಿ ಮೆತ್ತಗೆ ಮಾಡಿ. ಆಮೇಲೆ ಇಕ್ಕಳದಲ್ಲಿ ಮುಳ್ಳುಗಳನ್ನ ಹೊರಮುಖವಾಗಿ ಎರಡು ಮೂರು ಮಿಲಿಮೀಟರ್ ಮಾತ್ರ ತಿರುಗಿಸಿ. ಹೆಚ್ಚು ತಿರುಗಿಸಿದರೆ ಪ್ರತಿ ಎಸೆತಕ್ಕೂ ಎಲೆ ಸಿಕ್ಕಿಕೊಳ್ಳುತ್ತೆ. ಕಪ್ಪೆ ಹೊಟ್ಟೆಗೆ ನೀರು ತುಂಬಿದರೂ ಗಾಳ ಹೊರಬರಲ್ಲ, ಆಗಾಗ ಹಿಂಡಿ.

30 ಪೌಂಡ್ ಬ್ರೇಡ್ ತುಂಬ ಸಣ್ಣದು. ಡ್ರ್ಯಾಗ್ (ರೀಲಿಂದ ದಾರ ಜಾರೋದನ್ನ ತಡೆಯೋ ಬಿಗಿ) ಬಿಗಿ ಮಾಡಿ ಎಳೆದರೆ ಸ್ಪೂಲಿನ ಸುತ್ತುಗಳ ಒಳಗೇ ಹೂತುಕೊಳ್ಳುತ್ತೆ, ಮುಂದಿನ ಎಸೆತಕ್ಕೆ ದಾರ ಅರ್ಧದಲ್ಲೇ ನಿಲ್ಲುತ್ತೆ. 50 ಪೌಂಡ್ ಹಾಕಿ, ರೀಲ್ 4000 ಆದರೆ ಒಳ್ಳೇದು. ಲೀಡರ್ (ತುದಿಗೆ ಸೇರಿಸೋ ಬೇರೆ ದಾರ) ಬೇಡ, ಬ್ರೇಡನ್ನೇ ನೇರ ಕಪ್ಪೆಗೆ ಪಲೋಮರ್ ಗಂಟಲ್ಲಿ ಕಟ್ಟಿ, ಎಂಜಲು ಹಚ್ಚಿ ಬಿಗಿ ಮಾಡಿ. ಡ್ರ್ಯಾಗ್ ಕೈಯಲ್ಲಿ ಜೋರಾಗಿ ಎಳೆದರಷ್ಟೇ ಜಾರಬೇಕು, ಓಡೋಕೆ ದಾರ ಕೊಟ್ಟರೆ ಬೇರು ಸೇರಿಕೊಳ್ಳುತ್ತೆ.

ಕಂದವಾರ_ಸಂಜೆ (ಚಿಕ್ಕಬಳ್ಳಾಪುರ):
ಇಬ್ಬರೂ ಮೀನಿನ ಕಡೆ ನೋಡಿದ್ದಾರೆ, ನೀರಿನ ತಳದ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಕಡೆ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದಿದ್ದು 2018ರಲ್ಲಿ, ನಮ್ಮ ಕಡೆ ಅದೇ ಥರದ ಎಚ್.ಎನ್. ವ್ಯಾಲಿ ನೀರು ಆಮೇಲೆ ಬಂತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಒಣಗಿದ್ದ ಅಂಗಳಗಳಲ್ಲಿ ಸೀಮೆಜಾಲಿ ಕಾಡಿನಂತೆ ಬೆಳೆದಿತ್ತು, ಎಷ್ಟೋ ಕಡೆ ಕಡಿಯದೇ ನೀರು ತುಂಬಿತು. ಆ ಬೊಡ್ಡೆಗಳು ಈಗಲೂ ನೀರಿನ ಮಟ್ಟದಿಂದ ಗೇಣು ಕೆಳಗಿರ್ತವೆ. ಫೈಬರ್ ತಡೆಯುತ್ತೆ, ಪ್ಲಾಸ್ಟಿಕ್ ಹೊದಿಸಿದ ಬಿದಿರು ಹರಿಗೋಲಾದರೆ ತೂತು. ದಾರ ಜಾಲಿಗೆ ಉಜ್ಜಿದ ಮೇಲೆ ಕೊನೇ ಎರಡಡಿ ಕತ್ತರಿಸಿ ಹೊಸ ಗಂಟು ಹಾಕಿ. ಜೆಸಿಬಿ ಮಣ್ಣು ತೆಗೆದ ಗುಂಡಿಗಳು ಇನ್ನೂ ಅಪಾಯ: ಸೊಂಟದ ಮಟ್ಟದ ನೀರು ಒಂದು ಹೆಜ್ಜೆಗೆ ಆಳುದ್ದ ಆಗುತ್ತೆ. ಸಿಕ್ಕಿಕೊಂಡ ಕಪ್ಪೆ ಬಿಡಿಸೋಕೆ ನೀರಿಗಿಳಿಯಬೇಡಿ, ದಾರ ಕತ್ತರಿಸಿ.

ಲೈಫ್ ಜಾಕೆಟ್ ಮೈಮೇಲೆ ಇರಲಿ, ಕಾಲಡಿ ಅಲ್ಲ. ಹೊತ್ತು ಮುಳುಗೋ ಮುಂಚಿನ ಮುಕ್ಕಾಲು ಗಂಟೆ, ಆಮೇಲೆ ಇಪ್ಪತ್ತು ನಿಮಿಷ ಸಾಕು. ಮೀನುಗಾರರು ಬಲೆ ಬಿಡೋದೂ ಅದೇ ಹೊತ್ತಿಗೆ. ಬಲೆ ತೇಲಿಸೋ ಥರ್ಮೋಕೋಲ್ ಚೂರುಗಳ ಸಾಲು ಎಲ್ಲಿದೆ ಅಂತ ಬೆಳಕಿದ್ದಾಗಲೇ ಗುರುತಿಟ್ಟುಕೊಂಡು, ವಾಪಸ್ ಬರೋ ದಾರಿ ಬೇರೆ ಮಾಡಿಕೊಳ್ಳಿ. ಅವರ ಹೊಟ್ಟೆಪಾಡಿನ ಬಲೆ, ಹುಟ್ಟು ಸಿಕ್ಕರೆ ಹರಿಯದ ಹಾಗೆ ಬಿಡಿಸಿ.

ಮಳೆಗಾಲದಲ್ಲಿ ಕೊರಮೀನಿನ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರ ಮೇಲೆ ಕುದಿಯೋ ಹಾಗೆ ಕಾಣುತ್ತೆ. ಕೆಳಗೆ ತಾಯಿ ತಂದೆ ಕಾವಲಿರ್ತವೆ, ಏನೇ ಬಿದ್ದರೂ ಹೊಡೀತವೆ. ಅಲ್ಲಿ ದಯವಿಟ್ಟು ಎಸೆಯಬೇಡಿ. ಕಾವಲು ಹೋದರೆ ಜಿಲೇಬಿ ಮೀನು ಆ ಮರಿಗಳನ್ನ ಉಳಿಸಲ್ಲ.

ಮೀನನ್ನ ಹರಿಗೋಲಿಗೆ ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ತಲೆ ಹಿಂದೆ ಹಿಡಿದು, ಉದ್ದ ಮೂತಿಯ ಇಕ್ಕಳದಲ್ಲೇ ಗಾಳ ತೆಗೀರಿ, ಹಲ್ಲು ಚೂಪು. ಈ ಕೆರೆಗಳಿಗೆ ಬರೋದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು, ಕೈಗೆ ಗಾಯ ಇದ್ದರೆ ಗ್ಲೌಸ್ ಹಾಕಿ.

ನರಸಾಪುರ_ಗಾಳ:
ಎಲ್ಲರಿಗೂ ಥ್ಯಾಂಕ್ಸ್ ಅಣ್ಣ. ಏರಿ ಕಡೆ ಹನ್ನೆರಡು ಅಡಿ ಆಳ ಇದೆ, ಅಲ್ಲಿ ಗಳ ನಿಲ್ಲಲ್ಲ. ಏನು ಮಾಡೋದು?

ತೂಬಿನಕಟ್ಟೆ (ಕುಣಿಗಲ್):
ಆರೇಳು ಕೆಜಿ ಮರಳು ತುಂಬಿದ ಎರಡು ಗೊಬ್ಬರದ ಚೀಲ, ಹಗ್ಗ ಒಂದೊಂದೂ ಆಳದ ಮೂರರಷ್ಟು, ಎದುರುಬದುರು ಇಳಿಸಿ ಎರಡೂ ಬಿಗಿ ಮಾಡಿ. ತೂಬು ಎತ್ತಿದ್ದರೆ ಮಾತ್ರ ಅದರ ಹತ್ತಿರ ಹೋಗಬೇಡಿ, ಸೆಳೆತ ಮೇಲೆ ಕಾಣಲ್ಲ. ಕೊರಮೀನಿಗಾದರೆ ಆ ಕಡೆ ಹೋಗೋ ಅಗತ್ಯವೂ ಇಲ್ಲ, ಅದು ಇರೋದು ಅಂಗಳದ ಕಳೆಯಲ್ಲೇ.