ಸಹಾಯ ಬೇಕು: ಕೃಷ್ಣಮೂರ್ತಿಪುರಂನ ಹಳೇ ಮನೆ, ರಿಪೇರಿಗೆ ಎಷ್ಟಾಗಬಹುದು?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಅಡ್ವಾನ್ಸ್ ಕೊಡುವ ಮುಂಚೆ ರಿಪೇರಿ ಖರ್ಚಿನ ಅಂದಾಜು ಬೇಕು.

ಮುಂಭಾಗ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದಾರೆ. ಹಿಂದಿನ ಅಡುಗೆಮನೆ, ಬಚ್ಚಲಿಗೆ ಮಂಗಳೂರು ಹೆಂಚು. ಹೆಂಚಿನದು ಬಿಡಿ, ಒಡೆದದ್ದನ್ನು ಬದಲಿಸಬಹುದು. ಭಯ ಇರುವುದು ತಾರಸಿಯದೇ. ತೊಲೆಗಳ ನಡುಭಾಗ ಗಟ್ಟಿಯಾಗಿದೆ. ಆದರೆ ಗೋಡೆಯೊಳಗೆ ಕೂತಿರುವ ತುದಿ ಕಾಣುವುದಿಲ್ಲ. ತೇವ ಹಿಡಿದು, ಗೆದ್ದಲು ಹತ್ತಿ ಹಾಳಾಗುವುದು ಹೆಚ್ಚಾಗಿ ಅಲ್ಲೇ ಅಲ್ವಾ? ಗೋಡೆ ಒಡೆಯದೆ ಅದನ್ನು ಪರೀಕ್ಷಿಸುವುದು ಹೇಗೆ? ಕೆಟ್ಟ ತೊಲೆ ಮಾತ್ರ ಬದಲಿಸಬಹುದೇ, ಇಲ್ಲ ಪೂರ್ತಿ ಇಳಿಸಿ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಹಾಕಬೇಕೇ? ಹಳೇ ಗಾರೆ ಗೋಡೆ ಆ ಭಾರ ತಡೆಯುತ್ತದೆಯೇ?

ಬ್ರೋಕರ್ ‘ಸುಣ್ಣ ಬಣ್ಣ ಹೊಡೆಸಿದ್ರೆ ಸಾಕು ಸಾರ್’ ಎನ್ನುತ್ತಾರೆ. ಮೇಸ್ತ್ರಿಯೊಬ್ಬರು ‘ಸುಮ್ನೆ ಕೆಡವಿಬಿಡಿ’ ಎಂದರು. ಇಬ್ಬರಿಗೂ ಅವರವರ ಲಾಭ!

ವೈರಿಂಗ್, ನೀರಿನ ಜಿಐ ಪೈಪು ಎಲ್ಲಾ ಹೊಸದಾಗಿಯೇ ಹಾಕಿಸಬೇಕು ಅಂತ ಲೆಕ್ಕ ಹಾಕಿದ್ದೇವೆ. ಗೋಡೆ ಬುಡದಲ್ಲಿ ತೇವ ಏರಿದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ಹಾಗಾಗಿ ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಬೇಕು.

ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ ಕಡೆ ಇಂಥ ಮನೆ ರಿಪೇರಿ ಮಾಡಿಸಿದವರಿದ್ದರೆ ಚದರಕ್ಕೆ (ನೂರು ಚದರ ಅಡಿಗೆ) ಎಷ್ಟಾಯಿತು, ಯಾವ ವರ್ಷ ಅಂತ ದಯವಿಟ್ಟು ತಿಳಿಸಿ. ಕೆಲಸ ಶುರುವಾದ ಮೇಲೆ ಅಂದಾಜಿಗಿಂತ ಎಷ್ಟು ಜಾಸ್ತಿ ಹೋಯಿತು ಅನ್ನುವುದನ್ನೂ ಹೇಳಿ. ಹಳೇ ಕಟ್ಟಡ ನೋಡಿ ಅಭ್ಯಾಸವಿರುವ ಸ್ಟ್ರಕ್ಚರಲ್ ಇಂಜಿನಿಯರ್ ಗೊತ್ತಿದ್ದರೆ ನಂಬರ್ ಮೆಸೇಜ್ ಮಾಡಿ. ಫೀಸು ಕೊಟ್ಟೇ ತೋರಿಸುತ್ತೇವೆ.