ಮುಟ್ಟು ನಿಲ್ಲುವ ಕಾಲದ ಮರೆವು ಮತ್ತು ಗಡಿಯಲ್ಲಿರುವ ಸಕ್ಕರೆ: ಅವ್ವನ ಕಾಯಿಲೆ ನನಗೂ ಬರುವುದೇ?

ಪ್ರಶ್ನೆ (ಗೋಣಿಕೊಪ್ಪದ ಬಳಿಯಿಂದ, 49 ವರ್ಷ)

ನನ್ನ ಅವ್ವನಿಗೆ ಈಗ 76 ವರ್ಷ. ಅವರಿಗೆ ಮರೆಗುಳಿತನ (ಡಿಮೆನ್ಷಿಯಾ) ಇದೆ ಎಂದು ವೈದ್ಯರು ಹೇಳಿ ನಾಲ್ಕು ವರ್ಷಗಳಾದವು. ಪುತ್ತರಿ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಯಾವಾಗ ಎಂದು ದಿನಕ್ಕೆ ಹತ್ತು ಬಾರಿ ಕೇಳುತ್ತಾರೆ, ಇನ್ನೂ ಕದಿರು ತಂದಿಲ್ಲವೇಕೆ ಎಂದು ನನ್ನನ್ನೇ ಗದರುತ್ತಾರೆ. ಅತಿಯಾದ ರಕ್ತಸ್ರಾವದ ಕಾರಣ ಅವರ 39ನೇ ವಯಸ್ಸಿನಲ್ಲಿ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದಿದ್ದರು.

ಕಳೆದ ಒಂದು ವರ್ಷದಿಂದ ನನ್ನ ಮುಟ್ಟು ಲೆಕ್ಕಕ್ಕೆ ಸಿಗುತ್ತಿಲ್ಲ. ರಾತ್ರಿ ಮೈ ಬಿಸಿಯೇರಿ, ಬೆವರಿ, ಎದ್ದು ಕೂರುತ್ತೇನೆ. ಕಣದಲ್ಲಿ ಕಾಫಿ ಚೀಲಗಳನ್ನು ಎಣಿಸುವಾಗ ಅರ್ಧದಲ್ಲೇ ಲೆಕ್ಕ ತಪ್ಪುತ್ತದೆ; ಇಪ್ಪತ್ತು ವರ್ಷಗಳಿಂದ ತೋಟಕ್ಕೆ ಬರುತ್ತಿರುವವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಕಳೆದ ತಿಂಗಳು ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1, ಬಿ.ಪಿ. 138/88, ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟ್ರಾಲ್ 152 ಬಂದಿದೆ. ಇದು ಅವ್ವನ ಕಾಯಿಲೆಯ ಆರಂಭವೇ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ತಡೆಯಬಹುದೇ?

ಉತ್ತರ 1 (ನಿವೃತ್ತ ಸ್ತ್ರೀರೋಗ ತಜ್ಞೆ, ಮಡಿಕೇರಿ)

ನೀವು ವಿವರಿಸಿದ ಮರೆವು ಮುಟ್ಟು ನಿಲ್ಲುವ ವರ್ಷಗಳಲ್ಲಿ ಬಹಳ ಸಾಮಾನ್ಯ. ಹೆಸರು ತಡವಾಗಿಯಾದರೂ ನೆನಪಾಗುವುದು ಒಂದು ವಿಷಯ, ಚಿರಪರಿಚಿತರನ್ನೇ ಗುರುತಿಸದಿರುವುದು ಬೇರೆಯೇ ವಿಷಯ. ಅಮೆರಿಕದಲ್ಲಿ 1996ರಿಂದ ಮಧ್ಯವಯಸ್ಸಿನ ಮಹಿಳೆಯರನ್ನು ಗಮನಿಸುತ್ತ ಬಂದಿರುವ ‘ಸ್ವಾನ್’ ಅಧ್ಯಯನದಲ್ಲಿ, ಈ ಅವಧಿಯಲ್ಲಿ ಹೊಸದನ್ನು ಕಲಿಯುವ ಚುರುಕು ಸ್ವಲ್ಪ ಕುಗ್ಗಿ, ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ಚೇತರಿಸಿಕೊಂಡದ್ದು ಕಂಡುಬಂತು. ರಾತ್ರಿಯ ಬೆವರಿನಿಂದ ನಿದ್ದೆ ಕೆಟ್ಟರೂ ನೆನಪು ಮಂಕಾಗುತ್ತದೆ. ಹಾಗಿದ್ದರೂ ಒಮ್ಮೆ ಥೈರಾಯಿಡ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಇವೆರಡರ ಕೊರತೆಯೂ ಇಂಥದೇ ಮರೆವನ್ನು ತರುತ್ತದೆ ಮತ್ತು ಚಿಕಿತ್ಸೆಗೆ ಬಗ್ಗುತ್ತದೆ.

ನನ್ನ ಗಮನ ಮರೆವಿಗಿಂತ ನಿಮ್ಮ ಆ ಮೂರು ಅಂಕಿಗಳ ಮೇಲಿದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಂತೆ ಕೊಬ್ಬು ತೊಡೆ, ಸೊಂಟಗಳನ್ನು ಬಿಟ್ಟು ಹೊಟ್ಟೆಯೊಳಗೆ ಸೇರತೊಡಗುತ್ತದೆ, ದೇಹ ಇನ್ಸುಲಿನ್ನಿನ ಮಾತು ಕೇಳದಂತಾಗುತ್ತದೆ, ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲೇ ಎಲ್‌ಡಿಎಲ್ ಏರುತ್ತದೆ. ಇವುಗಳಲ್ಲಿ ಯಾವುದೂ ನೋಯುವುದಿಲ್ಲ, ಆದ್ದರಿಂದ ಯಾರೂ ವೈದ್ಯರ ಬಳಿಗೆ ಬರುವುದಿಲ್ಲ. ಸಕ್ಕರೆ, ರಕ್ತದೊತ್ತಡ ಮತ್ತು ಕೊಬ್ಬು ಇಪ್ಪತ್ತು ವರ್ಷಗಳ ಕಾಲ ಮೆದುಳಿನ ಸಣ್ಣ ರಕ್ತನಾಳಗಳನ್ನು ಸವೆಸಿದ್ದರ ಫಲ ಎಪ್ಪತ್ತರಲ್ಲಿ ಮರೆಗುಳಿತನವಾಗಿ ಕಾಣಿಸಿಕೊಳ್ಳಬಹುದು. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿಯು ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಮರೆಗುಳಿತನದ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿದೆ. ಮಧ್ಯವಯಸ್ಸಿನ ಎಲ್‌ಡಿಎಲ್ ಆ ಪಟ್ಟಿಗೆ ಹೊಸದಾಗಿ ಸೇರಿದ್ದು. ನಲವತ್ತರಿಂದಲೇ ಮೇಲಿನ ಬಿ.ಪಿ.ಯನ್ನು 130ರೊಳಗೆ ಇಟ್ಟುಕೊಳ್ಳಬೇಕೆಂಬುದೂ ಅದರ ಸಲಹೆ. ನಿಮ್ಮ 6.1 ಮಧುಮೇಹವಲ್ಲ, 5.7ರಿಂದ 6.4ರ ಗಡಿಯೊಳಗಿದೆ, ಹಿಂದಕ್ಕೆ ತರಲು ಸಾಧ್ಯವಿರುವ ಹಂತವಿದು.

ಇನ್ನು ಹಾರ್ಮೋನ್ ಚಿಕಿತ್ಸೆ. ಮೈ ಬಿಸಿಯೇರುವುದಕ್ಕೆ ಅದರಷ್ಟು ಪರಿಣಾಮಕಾರಿ ಔಷಧ ಬೇರೆಯಿಲ್ಲ. ಅರುವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷಗಳೊಳಗೆ ಆರಂಭಿಸಿದರೆ ಹೆಚ್ಚಿನವರಿಗೆ ಸುರಕ್ಷಿತವೂ ಹೌದು. ಆದರೆ ಮರೆಗುಳಿತನ ತಡೆಯಲೆಂದೇ ಅದನ್ನು ತೆಗೆದುಕೊಳ್ಳಬೇಡಿ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 65 ದಾಟಿದ ಮೇಲೆ ಎರಡು ಹಾರ್ಮೋನ್‌ಗಳ ಸಂಯುಕ್ತ ಮಾತ್ರೆ ನುಂಗಿದವರಲ್ಲಿ ಮರೆಗುಳಿತನದ ಅಪಾಯ ಸುಮಾರು ಎರಡು ಪಟ್ಟಾಯಿತು; ಲೆಕ್ಕದಲ್ಲಿ ಹೇಳುವುದಾದರೆ ವರ್ಷಕ್ಕೆ 10,000 ಮಂದಿಯಲ್ಲಿ 23 ಹೆಚ್ಚುವರಿ ಪ್ರಕರಣಗಳು. ಮುಟ್ಟು ನಿಂತ ಹೊಸತರಲ್ಲೇ ಆರಂಭಿಸಿದವರ ಪ್ರಯೋಗಗಳಲ್ಲಿ ನೆನಪಿಗೆ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ.

ಉತ್ತರ 2 (ಸೋಮವಾರಪೇಟೆ, 57 ವರ್ಷ)

ತಂಗಿ, ಎಂಟು ವರ್ಷಗಳ ಹಿಂದೆ ನನ್ನ ಸ್ಥಿತಿಯೂ ಇದೇ ಆಗಿತ್ತು. ಬೆಳಗ್ಗೆ ಐದಕ್ಕೆ ನಡೆಯಿರಿ ಎಂದು ಪೇಟೆಯ ವೈದ್ಯರು ಸುಲಭವಾಗಿ ಹೇಳಿಬಿಡುತ್ತಾರೆ. ಆ ಹೊತ್ತಿನಲ್ಲಿ ತೋಟದ ದಾರಿಯಲ್ಲಿ ಆನೆ ನಿಂತಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಲ್ಲಿ ಯಾವ ಹೊತ್ತೂ ಆಗುವುದಿಲ್ಲ. ನಾನು ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲೇ ಇಪ್ಪತ್ತು ನಿಮಿಷ ಅತ್ತಿತ್ತ ನಡೆಯುವುದನ್ನು ರೂಢಿಸಿಕೊಂಡೆ. ತೋಟದ ಕೆಲಸವೇ ವ್ಯಾಯಾಮವಲ್ಲವೇ ಎಂದು ನಾನೂ ಅಂದುಕೊಂಡಿದ್ದೆ, ಆದರೆ ಯಜಮಾನಿಯಾಗಿ ನಿಂತು ಕೆಲಸ ನೋಡಿಕೊಳ್ಳುವುದು ವ್ಯಾಯಾಮವಲ್ಲ.

ಊಟದ ವಿಷಯದಲ್ಲಿ ನನ್ನ ಕಣ್ಣು ತೆರೆದದ್ದು ಬೆಲ್ಲದ ಕಾಫಿ. ಬೆಲ್ಲ ಸಕ್ಕರೆಯಲ್ಲ ಎಂಬ ನಂಬಿಕೆಯಲ್ಲಿ ದಿನಕ್ಕೆ ಆರು ಲೋಟ ಕುಡಿಯುತ್ತಿದ್ದೆ. ಬೆಳಗ್ಗೆ ನೂಲುಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿರೊಟ್ಟಿ ಎಂದರೆ ಮೂರು ಹೊತ್ತೂ ಅಕ್ಕಿಯೇ ಆಯಿತು. ಒಂದು ಹೊತ್ತಿನದನ್ನು ಕಡಿಮೆ ಮಾಡಿ, ಕಾಳು, ಮೀನು, ಸೊಪ್ಪು ಹೆಚ್ಚಿಸಿದೆ. ಕಡಂಬುಟ್ಟನ್ನು (ಅಕ್ಕಿಯ ಕಡುಬು) ಹಬ್ಬಕ್ಕೆ ಉಳಿಸಿಕೊಂಡಿದ್ದೇನೆ. ಎಚ್‌ಬಿಎ1ಸಿ 6.2ರಿಂದ 5.8ಕ್ಕೆ ಇಳಿಯಲು ಒಂದೂವರೆ ವರ್ಷ ಬೇಕಾಯಿತು.

ಉತ್ತರ 3 (ವಿರಾಜಪೇಟೆ)

ನನ್ನ ಅಜ್ಜಿ ಹಂದಿಮಾಂಸ, ಅಕ್ಕಿ, ಬೆಲ್ಲ ಎಲ್ಲವನ್ನೂ ತಿಂದು 91 ವರ್ಷ ಚುರುಕಾಗಿಯೇ ಬದುಕಿದರು. ಇದೆಲ್ಲ ವಂಶವಾಹಿಯ ಆಟವಲ್ಲವೇ?

ಉತ್ತರ 4 (ನಿವೃತ್ತ ಸ್ತ್ರೀರೋಗ ತಜ್ಞೆ, ಮಡಿಕೇರಿ)

ವಂಶವಾಹಿಯ ಪಾಲು ಇದ್ದೇ ಇದೆ, ಆದರೆ ತಾಯಿಗೆ ಬಂದದ್ದು ಮಗಳಿಗೆ ಬಂದೇ ತೀರಬೇಕೆಂದಿಲ್ಲ. ನಿಮ್ಮ ಅಜ್ಜಿ ಗದ್ದೆಗೆ ಇಳಿದು ನಾಟಿ ಮಾಡಿದವರಿರಬೇಕು, ಆ ಲೆಕ್ಕವನ್ನೂ ಸೇರಿಸಿ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ ಮರೆಗುಳಿತನವಿದೆಯೆಂದು ಹಿರಿಯರ ಮರೆಗುಳಿತನದ ಬಗೆಗಿನ ‘ಲಾಸಿ-ಡ್ಯಾಡ್’ ರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿದೆ. ಮಹಿಳೆಯರಲ್ಲಿ ಪ್ರಮಾಣ ಪುರುಷರಿಗಿಂತ ಹೆಚ್ಚು. ಓದಿನಿಂದ ದೂರ ಉಳಿದದ್ದೂ ಅದಕ್ಕೊಂದು ಕಾರಣ, ಎಲ್ಲವನ್ನೂ ಹಾರ್ಮೋನ್ ತಲೆಗೆ ಕಟ್ಟುವಂತಿಲ್ಲ.

ಪ್ರಶ್ನೆ ಕೇಳಿದವರು

ಡಾಕ್ಟರ್ ಮೇಡಂ, ಅಕ್ಕ, ಇಬ್ಬರಿಗೂ ಧನ್ಯವಾದಗಳು. ಬಿ.ಪಿ.ಯನ್ನು ಮನೆಯಲ್ಲೇ ಒಂದು ವಾರ ನೋಡಿ ಬರೆದಿಟ್ಟುಕೊಂಡು ವೈದ್ಯರ ಬಳಿ ಹೋಗುತ್ತೇನೆ. ಇನ್ನೊಂದು ಪ್ರಶ್ನೆ ಉಳಿಯಿತು. ನನ್ನ ತಂಗಿಗೆ 42 ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ಅವ್ವನಿಗೆ ಮಾಡಿದಂತೆಯೇ ಅಂಡಾಶಯಗಳನ್ನೂ ಒಟ್ಟಿಗೆ ತೆಗೆಸಿಬಿಡುವುದೆಂದು ಮನೆಯವರು ಮಾತಾಡುತ್ತಿದ್ದಾರೆ.

ಉತ್ತರ 5 (ನಿವೃತ್ತ ಸ್ತ್ರೀರೋಗ ತಜ್ಞೆ, ಮಡಿಕೇರಿ)

ಅವಸರ ಮಾಡಬೇಡಿ. ಸಹಜವಾಗಿ ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯಗಳನ್ನು ಕಳೆದುಕೊಂಡವರಲ್ಲಿ ಮುಂದೆ ನೆನಪಿನ ತೊಂದರೆಯ ಅಪಾಯ ಹೆಚ್ಚೆಂದು 2007ರಷ್ಟು ಹಿಂದೆಯೇ ಅಮೆರಿಕದ ಮೇಯೊ ಕ್ಲಿನಿಕ್‌ನ ಅಧ್ಯಯನ ತೋರಿಸಿದೆ. ಅವ್ವನ ಕಾಯಿಲೆಗೆ ಅದೇ ಕಾರಣವೆಂದು ನಾನು ಹೇಳಲಾರೆ. ಆದರೆ ತಂಗಿಯ ಅಂಡಾಶಯಗಳು ಆರೋಗ್ಯವಾಗಿದ್ದು, ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇಲ್ಲದಿದ್ದರೆ, ಅವುಗಳನ್ನು ಏಕೆ ತೆಗೆಯಬೇಕೆಂದು ಶಸ್ತ್ರಚಿಕಿತ್ಸಕರನ್ನು ನೇರವಾಗಿ ಕೇಳಲಿ. ತೆಗೆಯಲೇಬೇಕಾಗಿ ಬಂದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವ ಬಗ್ಗೆಯೂ ಅಂದೇ ಮಾತಾಡಲಿ.