ಪದ ಬೇಕು: ತೊಗಲ ಪಟ್ಟಿ ಹೆಣೆದ ಟಿಬೆಟಿನ ಕವಚಕ್ಕೆ ಏನನ್ನೋಣ?

ಟಿಬೆಟ್, ಮಂಗೋಲಿಯಾದ ಕವಚಗಳ ಚಿತ್ರಗಳಿಗೆ ಅಡಿಬರಹ ಬೇಕು, ನಾಳೆ ಸಂಜೆ ಅಚ್ಚಿಗೆ. 'ಲ್ಯಾಮೆಲ್ಲರ್' ಎನ್ನುವುದಕ್ಕೆ ಪದ ಸಿಗುತ್ತಿಲ್ಲ. ತೊಗಲಿನ ಸಣ್ಣ ಪಟ್ಟಿಗಳು, ಅಂಚಿನಲ್ಲಿ ತೂತು, ತೂತಿಗೆ ಬಾರು ಪೋಣಿಸಿ ಒಂದಕ್ಕೊಂದು ಬಿಗಿದದ್ದು. ಮೇಲೆ ಕಪ್ಪು, ಕೆಂಪು, ಚಿನ್ನದ ರೇಕು, ಮೆರುಗೆಣ್ಣೆ. ಕರಡಿನಲ್ಲಿ 'ಹುರುಪೆಗವಚ' ಎಂದಿದೆ. ಆಗಬಹುದೇ? ಕುದುರೆಗೆ ತೊಡಿಸುವುದಕ್ಕೂ ಪದ ಬೇಕು.

ಮರು:
ಆಗದು. ಮೀನಿನ ಹುರುಪೆಯಂಥ ಕವಚದಲ್ಲಿ ಬಿಲ್ಲೆಗಳನ್ನು ಬಟ್ಟೆಗೋ ತೊಗಲಿಗೋ ಹೊಲಿದಿರುತ್ತಾರೆ. ಮೇಲಿನ ಸಾಲು ಕೆಳಗಿನದರ ಮೇಲೆ ಹೆಂಚಿನ ಹಾಗೆ ಇಳಿಬಿದ್ದಿರುತ್ತದೆ. ಇದಕ್ಕೆ ಹಿಂದೆ ಬಟ್ಟೆಯ ಆಧಾರವಿಲ್ಲ, ಪಟ್ಟಿಗೆ ಪಟ್ಟಿಯೇ ಆಸರೆ. ಸಾಲು ಏರುವುದೂ ತಿರುವುಮುರುವು: ಕೆಳಗಿನದು ಹೊರಗೆ, ಮೇಲಿನದು ಒಳಗೆ. 1240ರ ದಶಕದಲ್ಲಿ ಮಂಗೋಲರ ಬಳಿಗೆ ಹೋಗಿದ್ದ ಪೋಪನ ದೂತ ಕಾರ್ಪಿನಿ ಬರೆದದ್ದೂ ಇದನ್ನೇ. ಅಂಗೈಯಗಲದ ಎತ್ತಿನ ತೊಗಲಿನ ಪಟ್ಟಿಗಳು, ಮೂರು ನಾಲ್ಕು ಪದರ ಸೇರಿಸಿ ರಾಳದಲ್ಲಿ ಅಂಟಿಸಿದ್ದು, ಬಾರಿನಿಂದ ಕಟ್ಟಿದ್ದು. ಮೈ ಬಗ್ಗಿಸಿದರೆ ಕೆಳಗಿನ ಪಟ್ಟಿ ಮೇಲಿನದರ ಮೇಲೆ ಸರಿದು ಅಲ್ಲಿ ಎರಡು ಮೂರು ಪಟ್ಟು ದಪ್ಪವಾಗುತ್ತದೆ. ಬಾರು ಒಣಗಿ ಕಡಿದರೆ ಮಾತ್ರ ಪಟ್ಟಿಗಳು ಉದುರುತ್ತವೆ, ಹಿಡಿದುಕೊಳ್ಳಲು ಹಿಂದೆ ಏನೂ ಇಲ್ಲವಲ್ಲ. ಪದದಲ್ಲಿ ಹೆಣಿಗೆ ಕಾಣಬೇಕು. 'ತೊಗಲುಜೋಡು' ಎನ್ನಿ. ಜೋಡು ಎಂದರೆ ಕವಚ, ನಡುಗನ್ನಡದ ಯುದ್ಧವರ್ಣನೆಗಳಲ್ಲಿ ಬೇಕಾದಷ್ಟಿದೆ. ಜೋಡಿಸಿದ್ದೇ ಜೋಡು.

ಮರು:
ತೊಗಲಿನ ಜೋಡು ಎಂದರೆ ಇವತ್ತು ಎಷ್ಟೋ ಊರುಗಳಲ್ಲಿ ಚಪ್ಪಲಿ. ಚಿತ್ರದ ಕೆಳಗೆ ಅದನ್ನು ಹಾಕಬೇಡಿ. ಜೋಡು ಅಚ್ಚಗನ್ನಡವೂ ಅಲ್ಲ, ಹಿಂದಿಯ 'ಜೋಡ್‌ನಾ' ಇರುವ ಬಳಗದ್ದು. 'ಚರ್ಮಪಟ್ಟಿಕಾವರ್ಮ' ಎಂದರೆ ಮುಗಿಯಿತು.

ಮರು:
ಮುಗಿಯುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. 'ತೊಗಲುಗವಚ' ಸಾಕು.

ಮರು:
ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ವೈಯಾಕರಣ ಕೇಶಿರಾಜ ಬಿರುದಾವಳಿಗೆ ಬಿಟ್ಟುಕೊಟ್ಟದ್ದನ್ನು ಅಡಿಬರಹಕ್ಕೆ ಎಳೆಯಬೇಡಿ.

ಮರು:
ಮಳೆಗಾಲವೂ ಅರಿಸಮಾಸವೇ; ಹಾಗೆ ಬರೆಯುವುದನ್ನು ಮೊದಲು ಬಿಡಿ, ಆಮೇಲೆ ಮಾತಾಡೋಣ. ಅವರದೇ ಪದ ಯಾಕಾಗಬಾರದು? ಟಿಬೆಟಿನವರು 'ಠಪ್', ಮಂಗೋಲರು 'ಖುಯಗ್' ಎನ್ನುತ್ತಾರೆ.

ಮರು:
ಎರಡೂ ಬರೀ 'ಕವಚ' ಎಂಬ ಅರ್ಥದವು. ಕಬ್ಬಿಣದ ಬಳೆ ಹೆಣೆದದ್ದಕ್ಕೂ ಅದೇ ಪದ. ಎರವಲು ತರುವುದಾದರೆ ಕನ್ನಡದಲ್ಲಿ ಇಲ್ಲದ್ದನ್ನು ತರಬೇಕು. ಒಂದೇ ಪದಕ್ಕೆ ಗಂಟುಬೀಳಬೇಡಿ, ಬಿಡಿಸಿ ಬರೆಯಿರಿ: 'ಬಾರಿನಲ್ಲಿ ಹೆಣೆದ ತೊಗಲ ಪಟ್ಟಿಗಳ ಕವಚ'. ಬಾರು ಬಿಡಬೇಡಿ. ಅದಿಲ್ಲದಿದ್ದರೆ ಹೊಲಿದದ್ದೆಂದು ಓದುತ್ತಾರೆ. ಕುದುರೆಯದು ಹಕ್ಕರಿಕೆ.

ಮರು:
ಹಕ್ಕರಿಕೆಯೂ ಪ್ರಾಕೃತದ 'ಪಕ್ಖರ'ದಿಂದ ಬಂದದ್ದು.

ಮರು:
ಬಂದು ಎಷ್ಟು ಕಾಲವಾಯಿತು! ಈಗ ನಮ್ಮದೇ.

ಮರು:
ಬಿಡಿಸಿ ಬರೆದದ್ದನ್ನೇ ಹಾಕಿದೆ. ಕುದುರೆಗೆ 'ಚಿನ್ನದ ರೇಕಿನ ತೊಗಲ ಹಕ್ಕರಿಕೆ'.